ನಡುವಿನ ನಟ್ಟು ಮುಟ್ಟುವ ಮುಂಚೆ: ಸ್ಟ್ರಟ್ ಮೌಂಟ್ ಬದಲಿಸುವ ಟಿಪ್ಪಣಿ

ಹೋದ ವಾರ ಶಿರಸಿಯ ಮನೆಯಲ್ಲೇ ಕಾರಿನ ಮುಂದಿನ ಎರಡೂ ಸ್ಟ್ರಟ್ ಮೌಂಟ್ ಬದಲಿಸಿದೆ. ಉಗುರು ಸಂದಿಯ ಗ್ರೀಸ್ ಇನ್ನೂ ಹೋಗಿಲ್ಲ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಚಕ್ರ ಬಿಚ್ಚಲು ಬರುವವರಿಗಷ್ಟೇ ಇದು.

ಶಾಕ್ ಅಬ್ಸಾರ್ಬರ್ (ಶಾಕ್) ಮತ್ತು ಸ್ಪ್ರಿಂಗ್ ಒಟ್ಟಾಗಿರುವ ಕಂಬವೇ ಸ್ಟ್ರಟ್. ಅದರ ತಲೆಯನ್ನು ಕಾರಿನ ಮೈಗೆ ಹಿಡಿದಿಡುವ ರಬ್ಬರ್ ತುಂಡು ಮೌಂಟ್. ಮುಂದಿನ ಚಕ್ರ ತಿರುಗುವಾಗ ಕಂಬವೂ ತಿರುಗಬೇಕಲ್ಲ, ಅದಕ್ಕೆ ಅಲ್ಲೊಂದು ಬೇರಿಂಗ್. ನಮ್ಮ ಕಾರು ದೇವಿಮನೆ ಘಾಟಿಯಲ್ಲಿ ಗುಂಡಿಗಿಳಿದಾಗಲೆಲ್ಲ 'ಟಕ್' ಅನ್ನುತ್ತಿತ್ತು, ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ 'ಟೊಂಯ್'. ಒಬ್ಬರು ಒಳಗೆ ಕೂತು ಮೆಲ್ಲಗೆ ಸ್ಟೇರಿಂಗ್ ತಿರುಗಿಸಲಿ, ನೀವು ಬಾನೆಟ್ ಎತ್ತಿ ಮೌಂಟಿನ ಮೇಲೆ ಅಂಗೈ ಇಡಿ. ಸಿಕ್ಕಿಕೊಂಡು ಒಮ್ಮೆಲೇ ಜಾರಿದ ಹಾಗೆ ಕೈಗೆ ಗೊತ್ತಾದರೆ ಬೇರಿಂಗ್ ಹೋಗಿದೆ. ಸ್ಪ್ರಿಂಗ್ ಸುರುಳಿಗಳ ನಡುವೆ ಬೆರಳು ಹಾಕಬೇಡಿ.

ಇನ್ನು ನಾನು ಎಡವಿದ ಜಾಗ. ಬಾನೆಟ್ ಎತ್ತಿದರೆ ಮೌಂಟಿನ ಸುತ್ತ ಎರಡೋ ಮೂರೋ ಸಣ್ಣ ನಟ್ಟುಗಳು, ನಡುವೆ ಒಂದು ದೊಡ್ಡದು. ಮೌಂಟ್ ತೆಗೆಯಬೇಕು, ದೊಡ್ಡ ನಟ್ಟು ಕೈಗೆ ಸಿಗುವಂತಿದೆ, ಬಿಚ್ಚಿದರಾಯಿತು ಅಂತ ಪಾನಾ ಇಟ್ಟೇಬಿಟ್ಟಿದ್ದೆ. ಗ್ಯಾರೇಜಿನಲ್ಲಿ ವರ್ಷಗಟ್ಟಲೆ ದುಡಿದ ನಮ್ಮ ಭಾವ ಚಹಾ ಲೋಟ ಹಿಡಿದೇ ಕೂಗಿದ: "ತಡಿ ಮಾರಾಯಾ, ಅದೊಂದ್ ಮುಟ್ಟಡ!"

ನನ್ನ ತಲೆಯಲ್ಲಿದ್ದ ಲೆಕ್ಕ ಹೀಗೆ: ಕಾರು ಎತ್ತಿದೆ, ಚಕ್ರ ಜೋತಾಡುತ್ತಿದೆ, ಸ್ಪ್ರಿಂಗ್ ಮೇಲೆ ಭಾರವಿಲ್ಲ, ಅಂದಮೇಲೆ ಅದು ಸಡಿಲ. ಇದು ತಪ್ಪು. ಶಾಕಿನ ರಾಡು ಪೂರ್ತಿ ಹೊರಬಂದು ನಿಂತಾಗಲೂ ಸ್ಪ್ರಿಂಗ್ ಕೂರುವ ಮೇಲಿನ, ಕೆಳಗಿನ ಸೀಟುಗಳ ನಡುವಿನ ಜಾಗ ಸ್ಪ್ರಿಂಗಿನ ಸಹಜ ಉದ್ದಕ್ಕಿಂತ ಕಡಿಮೆಯೇ. ಬಿಡಿಯಾಗಿ 35 ಸೆಂ.ಮೀ. ಇರುವ ಸ್ಪ್ರಿಂಗನ್ನು 29ರ ಜಾಗದಲ್ಲಿ ಕೂರಿಸಿದ್ದಾರೆ ಅಂತಿಟ್ಟುಕೊಳ್ಳಿ. ಒಂದು ಮಿಲಿಮೀಟರ್ ಒತ್ತಲು 2 ಕಿಲೋ ಬೇಕಾದರೆ 60 ಮಿಲಿಮೀಟರಿಗೆ 120 ಕಿಲೋ. ಅಡಿಕೆ ಲೆಕ್ಕದಲ್ಲಿ ಒಂದು ಕ್ವಿಂಟಲಿಗೂ ಮೇಲೆ! ಅಷ್ಟನ್ನು ಅದುಮಿ ಹಿಡಿದಿರುವುದು ನಡುವಿನ ಆ ಒಂದೇ ನಟ್ಟು. ಅದು ಕಳಚಿದರೆ ಸ್ಪ್ರಿಂಗ್ ಮೌಂಟನ್ನೂ ಹೊತ್ತುಕೊಂಡು ಹಾರುತ್ತದೆ, ಎದುರಿಗೆ ಮುಖವಿದ್ದರೆ ಮುಖಕ್ಕೇ. ಸುತ್ತಲಿನ ಸಣ್ಣ ನಟ್ಟುಗಳು ಇಡೀ ಕಂಬವನ್ನು ಕಾರಿನ ಮೈಗೆ ಹಿಡಿದವು. ಅವನ್ನು ಬಿಚ್ಚಿದರೆ ಕಂಬ ಸ್ಪ್ರಿಂಗ್ ಸಮೇತ ಕೆಳಗೆ ಬರುತ್ತದೆ, ಅಷ್ಟೇ.

ಎತ್ತುವ ವಿಷಯ. ನಮ್ಮ ಅಂಗಳ ಮಳೆಗೆ ನೆನೆದ ಮಣ್ಣು, ಜಾಕ್ ನೋಡನೋಡುತ್ತಲೇ ಹುಗಿಯುತ್ತದೆ. ಗಟ್ಟಿ, ಸಮತಟ್ಟು ನೆಲವೇ ಬೇಕು. ನಾನು ಅಡಿಕೆ ಒಣಗಿಸುವ ಸಿಮೆಂಟ್ ಕಳಕ್ಕೆ ಕಾರು ತಂದೆ. ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ, ಕಾರಿನ ಕೆಳಗೆ ಸ್ಟ್ಯಾಂಡ್. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಸ್ಟ್ಯಾಂಡ್ ಇಲ್ಲವೆಂದು ಚೀರೆಕಲ್ಲು ಪೇರಿಸುವವರನ್ನು ನೋಡಿದ್ದೇನೆ. ಗೋಡೆಗೆ ಚೆಂದದ ಕಲ್ಲು ಅದು, ಆದರೆ ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಸೀಳುತ್ತದೆ.

ಕಂಬ ಕೆಳಗೆ ಸೇರುವಲ್ಲಿ ಎರಡು ದಪ್ಪ ಬೋಲ್ಟುಗಳಿವೆ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಉಪ್ಪುಗಾಳಿಗೆ ತುಕ್ಕು ಹಿಡಿದಿರುತ್ತವೆ, ಹಿಂದಿನ ರಾತ್ರಿಯೇ ತುಕ್ಕಿನ ಎಣ್ಣೆ ಹೊಡೆದಿಡಿ. ಬಿಚ್ಚುವ ಮುಂಚೆ ಬೋಲ್ಟಿನ ತಲೆಗೂ ಕಂಬಕ್ಕೂ ಸೇರಿಸಿ ವೈಟ್ನರಿನಲ್ಲಿ ಒಂದು ಗೆರೆ ಎಳೆಯಿರಿ. ಮಗಳ ಕಂಪಾಸ್ ಬಾಕ್ಸಿನಿಂದ ಕದ್ದ ವೈಟ್ನರ್ ನನ್ನ ಉಪಕರಣಗಳಲ್ಲಿ ಅತಿ ಅಗ್ಗದ್ದು, ಅತಿ ಉಪಯೋಗದ್ದು: ಜೋಡಿಸುವಾಗ ಗೆರೆ ಕೂಡಿದರೆ ಚಕ್ರದ ಓರೆ ಹೆಚ್ಚುಕಡಿಮೆ ಮೊದಲಿನಂತೆಯೇ. ಬ್ರೇಕ್ ಹೋಸ್, ಎಬಿಎಸ್ ತಂತಿ, ಲಿಂಕ್ ರಾಡ್ ಮೊದಲೇ ಕಂಬದಿಂದ ಬಿಡಿಸಿ, ಚಕ್ರ ಕೂರುವ ಹಬ್ಬನ್ನು ಹಗ್ಗದಿಂದ ಕಟ್ಟಿ. ಅದರ ಭಾರ ಹೋಸಿನ ಮೇಲೆ ಬೀಳಬಾರದು.

ಕಂಬ ಹೊರಬಂದ ಮೇಲೆ ಸ್ಪ್ರಿಂಗ್ ಕಂಪ್ರೆಸರ್, ಅಂದರೆ ಸ್ಪ್ರಿಂಗನ್ನು ಅದುಮಿ ಹಿಡಿಯುವ ಕೊಕ್ಕೆಯ ತಿರುಪುಗಳ ಜೋಡಿ. ಎರಡನ್ನೂ ಎದುರುಬದುರು ಹಾಕಿ, ಇದಕ್ಕೆರಡು ಸುತ್ತು, ಅದಕ್ಕೆರಡು ಸುತ್ತು, ಕೈಪಾನಾದಲ್ಲೇ. ಒಂದೇ ಕಡೆ ಬಿಗಿದರೆ ಸ್ಪ್ರಿಂಗ್ ಬಿಲ್ಲಿನಂತೆ ಬಾಗಿ ಕೊಕ್ಕೆ ಜಾರುತ್ತದೆ. ಸಾಕಾಯಿತೆಂದು ತಿಳಿಯುವುದು ಸ್ಪ್ರಿಂಗ್ ಸೀಟಿನಿಂದ ಬಿಟ್ಟು ಕೈಯಲ್ಲಿ ಅಲುಗಾಡಿದಾಗ. ಆಗ ಮಾತ್ರ ನಡುವಿನ ನಟ್ಟು, ಆಗಲೂ ಮುಖ ಪಕ್ಕಕ್ಕೆ. ರಾಡು ಜೊತೆಗೇ ತಿರುಗಿದರೆ ಅದರ ತಲೆಯನ್ನು ಅಲನ್ ಕೀಲಿಯಿಂದ ಹಿಡಿಯಿರಿ. ಹೊಳೆಯುವ ಮೈಯನ್ನು ಇಕ್ಕಳದಿಂದ ಹಿಡಿದರೆ ಗೀರು ಬಿದ್ದು ಎಣ್ಣೆಯ ಸೀಲ್ ಹರಿಯುತ್ತದೆ.

ಹಳೆಯದನ್ನು ತೆಗೆದ ಕ್ರಮದಲ್ಲೇ ನೆಲದ ಮೇಲೆ ಸಾಲಾಗಿಡಿ: ಮೌಂಟ್, ಬೇರಿಂಗ್, ಮೇಲಿನ ಸೀಟು, ಧೂಳು ತಡೆಯುವ ಬೂಟು. ಹೊಸದನ್ನು ಹಾಕುವಾಗ ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ತಾಗಿ ಕೂರಬೇಕು, ನಟ್ಟು ಹೊಸದೇ ಇರಬೇಕು. ನಟ್ಟು ಪೂರ್ತಿ ಕೂತ ನಂತರವೇ ಕಂಪ್ರೆಸರ್ ಸಡಿಲಿಸಿ, ಅದೂ ಸುತ್ತು ಬಿಟ್ಟು ಸುತ್ತು. ಬಿಗಿತಕ್ಕೆ ನಿಮ್ಮ ಗಾಡಿಯ ಪುಸ್ತಕದ ಅಂಕಿಯೇ ಪ್ರಮಾಣ, ಟಾರ್ಕ್ ರೆಂಚ್ ಯಾರಿಂದಲಾದರೂ ಎರವಲು ತನ್ನಿ.

ಎಡಗಡೆಗೆ ನಾಲ್ಕು ತಾಸು ಹಿಡಿಯಿತು, ಬಲಗಡೆಗೆ ಒಂದೂವರೆ. ಗೆರೆಗಳು ಕೂಡಿದ್ದರೂ ಮರುದಿನವೇ ಅಲೈನ್‌ಮೆಂಟ್ ಮಾಡಿಸಿದೆ. ದೇವಿಮನೆ ಇಳಿಯುವಾಗ 'ಟಕ್' ಇರಲಿಲ್ಲ. ಹಿಂದಿನಿಂದ ಇನ್ನೇನೋ ಕಟಕಟ ಅನ್ನುತ್ತಿತ್ತು, ಕುಮಟೆಯಲ್ಲಿ ಡಿಕ್ಕಿ ತೆಗೆದು ನೋಡಿದರೆ ಭಾವನ ಕಂಪ್ರೆಸರ್.