ಬೆಂಗಳೂರಿನ ಬೆಕ್ಕಿಗೆ ಚಳಿಗಾಲ ಗೊತ್ತಾಗುವುದೇ ಇಲ್ಲ

ಡಿಸೆಂಬರ್‌ನಲ್ಲೂ ನಮ್ಮ ಬೆಕ್ಕು ಬೆದೆಗೆ ಬಂದಿದೆ, ರಾತ್ರಿಯಿಡೀ ಕೂಗುತ್ತಾ ನೆಲದ ಮೇಲೆ ಹೊರಳಾಡುತ್ತದೆ, ಏನಾದರೂ ಕಾಯಿಲೆನಾ ಅಂತ ಫ್ಲ್ಯಾಟುಗಳಲ್ಲಿ ಬೆಕ್ಕು ಸಾಕಿದವರು ಕೇಳುತ್ತಿರುತ್ತಾರೆ. ಕಾಯಿಲೆ ಅಲ್ಲ. ಹಾಲ್‌ನಲ್ಲಿ ಹನ್ನೊಂದು ಗಂಟೆವರೆಗೂ ಉರಿಯುವ ಟ್ಯೂಬ್‌ಲೈಟನ್ನು ಒಮ್ಮೆ ನೋಡಿ.

ಸಸ್ತನಿಗಳ ಮೆದುಳಿನಲ್ಲಿ ಪೀನಿಯಲ್ ಅನ್ನುವ ಪುಟ್ಟ ಗ್ರಂಥಿ ಇದೆ. ಕತ್ತಲಾದ ಮೇಲೆ ಅದರಿಂದ ಮೆಲಟೋನಿನ್ ಅನ್ನುವ ಹಾರ್ಮೋನ್ ಬರುತ್ತದೆ, ಕಣ್ಣಿಗೆ ಬೆಳಕು ಬಿದ್ದರೆ ನಿಲ್ಲುತ್ತದೆ. ರಾತ್ರಿ ಉದ್ದವಾದಷ್ಟೂ ಮೆಲಟೋನಿನ್ ಹರಿಯುವ ಹೊತ್ತೂ ಉದ್ದ. ಇದರಿಂದಲೇ ದೇಹಕ್ಕೆ ಈಗ ಯಾವ ಕಾಲ ಅಂತ ತಿಳಿಯುತ್ತದೆ. 1965ರಲ್ಲಿ ಹಾಫ್‌ಮನ್ ಮತ್ತು ರೈಟರ್ ಅನ್ನುವ ವಿಜ್ಞಾನಿಗಳು ಪೀನಿಯಲ್‌ನ ಈ ಕೆಲಸವನ್ನು ಹ್ಯಾಮ್‌ಸ್ಟರ್‌ಗಳಲ್ಲಿ, ಅಂದರೆ ಇಲಿಯಂಥ ಪುಟ್ಟ ಪ್ರಾಣಿಗಳಲ್ಲಿ, ತೋರಿಸಿದರು. ಹೆಚ್ಚು ಹೊತ್ತು ಕತ್ತಲಲ್ಲಿಟ್ಟ ಗಂಡುಗಳ ವೃಷಣ ಕುಗ್ಗಿಹೋಯಿತು, ಆದರೆ ಪೀನಿಯಲ್ ತೆಗೆದುಹಾಕಿದ್ದವುಗಳಲ್ಲಿ ಕುಗ್ಗಲಿಲ್ಲ.

ನನಗೆ ತುಂಬಾ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಸುದ್ದಿ ಒಂದೇ, ಅದಕ್ಕೆ ಒಂದೊಂದು ಪ್ರಾಣಿ ಒಂದೊಂದು ಅರ್ಥ ಕೊಡುತ್ತದೆ. ತಂಪು ದೇಶದ ಕುರಿ ಹಗಲು ಕಡಿಮೆಯಾದಾಗ ಬೆದೆಗೆ ಬರುತ್ತದೆ, ಕುದುರೆ ಹಗಲು ಜಾಸ್ತಿಯಾದಾಗ. ಕುರಿಯ ಗರ್ಭ ಐದು ತಿಂಗಳು, ಕುದುರೆಯದು ಹನ್ನೊಂದು. ಲೆಕ್ಕ ಹಾಕಿದರೆ ಎರಡೂ ಮರಿ ಹಾಕುವುದು ವಸಂತದಲ್ಲಿ, ಹಸಿರು ಹುಲ್ಲು ಬರುವ ಹೊತ್ತಿಗೆ!

ಬೆಕ್ಕು ಕುದುರೆಯ ಕಡೆಯದು. ಹಗಲು ಉದ್ದವಾದರೆ ಬೆದೆ, ಚಳಿಗಾಲದಲ್ಲಿ ಬಿಡುವು. ಲಂಡನ್‌ನಲ್ಲಿ ಡಿಸೆಂಬರ್ ಹಗಲು ಸುಮಾರು ಎಂಟು ಗಂಟೆ ಅಷ್ಟೇ, ಹಾಗಾಗಿ ಹೊರಗಿರುವ ಬೆಕ್ಕಿಗೆ ಬಿಡುವು ಸಿಗುತ್ತದೆ. ಬೆಂಗಳೂರಿನಲ್ಲಿ ಅತಿ ಚಿಕ್ಕ ಹಗಲೇ ಸುಮಾರು 11 ಗಂಟೆ 20 ನಿಮಿಷ, ಅತಿ ದೊಡ್ಡದು 12 ಗಂಟೆ 50 ನಿಮಿಷ. ವರ್ಷವಿಡೀ ಸೂರ್ಯ ಮಾಡುವ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ನಾವು ಸ್ವಿಚ್ ಹಾಕಿ ದಿನವೂ ನಾಲ್ಕೈದು ಗಂಟೆ ಸೇರಿಸುತ್ತೇವೆ, ಅಲ್ವಾ? ಮನೆಯೊಳಗಿನ ಬೆಕ್ಕಿಗೆ ಅದು ಸದಾ ಬೇಸಿಗೆ. ಗಂಡು ಸಿಗದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಬೆದೆ, ಮತ್ತೆ ಕೂಗು.

ಕಾಡುಪ್ರಾಣಿಗಳಿಗೆ ಈ ಏರುಪೇರು ದುಬಾರಿ. ಆಸ್ಟ್ರೇಲಿಯಾದ ಗಾರ್ಡನ್ ದ್ವೀಪದಲ್ಲಿ ನೌಕಾನೆಲೆಯ ದೀಪಗಳ ಹತ್ತಿರ ಬದುಕುವ ಟಾಮರ್ ವಾಲಬಿಗಳು, ಅಂದರೆ ಪುಟ್ಟ ಕಾಂಗರೂಗಳು, ಕತ್ತಲ ಪೊದೆಗಳಲ್ಲಿರುವ ತಮ್ಮ ಜಾತಿಯವಕ್ಕಿಂತ ಸುಮಾರು ಒಂದು ತಿಂಗಳು ತಡವಾಗಿ ಮರಿ ಹಾಕಿದವು. 2015ರಲ್ಲಿ ಇದು ಪ್ರಕಟವಾಯಿತು. ತಡವಾದರೆ ಮರಿಗೆ ಎಳೆ ಹುಲ್ಲು ಸಿಗುವ ಕಾಲ ಕೈತಪ್ಪಬಹುದು.

ಹಾಗಾದರೆ ಮನೆಯಲ್ಲಿ ಲೈಟ್ ಆರಿಸಿಬಿಟ್ಟರೆ ಸಾಕಾ? ಸಾಲದು. ದಿನಕ್ಕೆ ಎಂಟು ಗಂಟೆಯಷ್ಟೇ ಬೆಳಕು ಕೊಟ್ಟರೆ ಬೆಕ್ಕಿನ ಬೆದೆ ನಿಲ್ಲುತ್ತದೆ ನಿಜ, ಆದರೆ ಇಲ್ಲಿನ ಬಿಸಿಲೇ ಹನ್ನೊಂದು ಗಂಟೆ ದಾಟುತ್ತದೆ. ಮರಿ ಬೇಡ ಅನ್ನುವವರು ಪಶುವೈದ್ಯರನ್ನು ಕಂಡು ಆಪರೇಷನ್ ಮಾಡಿಸುವುದೇ ಸರಿ.