ಕೊಳಗದಿಂದ ಏಳನೇ ನಮೂನೆವರೆಗೆ: ಶಾಂತವೇರಿ ಗೋಪಾಲಗೌಡರ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಒಬ್ಬ ಶಾಸಕರು ಏನು ಕೆಲಸ ಮಾಡಿದರು ಎಂದು ಕೇಳಿದರೆ ನಾವು ಸಾಮಾನ್ಯವಾಗಿ ಎರಡು ವಿಷಯ ಹುಡುಕುತ್ತೇವೆ. ಎಷ್ಟು ಸಲ ಗೆದ್ದರು? ಯಾವ ಖಾತೆಗೆ ಮಂತ್ರಿಯಾಗಿದ್ದರು? ಈ ಲೆಕ್ಕದಲ್ಲಿ ಗೋಪಾಲಗೌಡರಿಗೆ ಎರಡು ಸಾಲು ಸಾಕು. ಮೂರು ಸಲ ಶಾಸಕರು. ಒಮ್ಮೆಯೂ ಮಂತ್ರಿಯಲ್ಲ.

ನಾನೂ ಮೊದಲು ಹಾಗೇ ಬರೆದುಕೊಂಡಿದ್ದೆ. ಆಮೇಲೆ ಭೂಸುಧಾರಣೆಯ ಪಾಠ ಓದುವಾಗ ಒಂದು ಕಾಗದದಲ್ಲಿ ಇಸವಿಗಳನ್ನು ಪಕ್ಕಪಕ್ಕ ಬರೆದು ನೋಡಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಗೇಣಿದಾರರ ಬದುಕನ್ನು ಮುಟ್ಟಿದ ಎರಡು ದೊಡ್ಡ ಶಾಸನಗಳು ಸದನದಲ್ಲಿ ಪಾಸಾದಾಗ ಗೋಪಾಲಗೌಡರು ಎರಡು ಸಲವೂ ಅಲ್ಲಿರಲಿಲ್ಲ. ಒಂದು ಸಲ ಚುನಾವಣೆಯಲ್ಲಿ ಸೋತಿದ್ದರು. ಇನ್ನೊಂದು ಸಲ ಬದುಕಿರಲಿಲ್ಲ. ಆದರೂ ಆ ಕಾಯ್ದೆಯ ಮಾತು ಬಂದಾಗ ಮಲೆನಾಡಿನಲ್ಲಿ ಅವರ ಹೆಸರು ಬರುತ್ತದೆ. ಯಾಕೆ? ಈ ಟಿಪ್ಪಣಿ ಅದನ್ನೇ ಬಿಡಿಸಿ ನೋಡುವ ಪ್ರಯತ್ನ.

ಮೊದಲು ಅವರ ಪರಿಚಯ. ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಇಳಿದು ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಸಮಾಜವಾದಿ ಪಕ್ಷದಲ್ಲಿ ದುಡಿದರು. ತೀರಿಕೊಂಡದ್ದು 1972ರ ಜೂನ್ 9ರಂದು. ಐವತ್ತೂ ತುಂಬಿರಲಿಲ್ಲ.

ಕೊಳಗ ಅಂದರೆ ಸುಮ್ನೆ ಒಂದು ಪಾತ್ರೆಯಲ್ಲ

ಕಾಗೋಡು ಸತ್ಯಾಗ್ರಹದ ಬಗ್ಗೆ ಬರೆಯುವಾಗ ಎಲ್ಲರೂ 'ಗೇಣಿದಾರರ ಹೋರಾಟ' ಎಂದು ಬರೆದು ಮುಂದೆ ಹೋಗುತ್ತಾರೆ. ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. ಜಗಳ ಶುರುವಾದದ್ದು ಒಂದು ಅಳತೆಯಿಂದ.

ಕಾಗೋಡು ಸಾಗರ ತಾಲ್ಲೂಕಿನ ಊರು. ಅಲ್ಲಿನ ಗೇಣಿದಾರರಲ್ಲಿ ದೀವರ ಸಮುದಾಯದವರು ಜಾಸ್ತಿ. ಗದ್ದೆ ಒಡೆಯರದ್ದು, ಬೆವರು ಇವರದ್ದು. ಸುಗ್ಗಿ ಮುಗಿದ ಮೇಲೆ ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಕೊಳಗಕ್ಕೆ ಮೂರು ಸೇರು ಎಂಬುದು ಲೆಕ್ಕ. ಆದರೆ ಗೇಣಿ ಅಳೆಯುವಾಗ ಅದಕ್ಕಿಂತ ದೊಡ್ಡ ಕೊಳಗ ಹೊರಗೆ ಬರುತ್ತಿತ್ತು. ಒಂದು ಲೆಕ್ಕ ಮಾಡಿ ನೋಡೋಣ. ಕೊಳಗ ಅರ್ಧ ಸೇರಿನಷ್ಟು ದೊಡ್ಡದು ಎಂದುಕೊಳ್ಳಿ. ನೂರು ಕೊಳಗ ಗೇಣಿ ಕೊಡುವವನ ಮನೆಯಿಂದ ಐವತ್ತು ಸೇರು ಭತ್ತ ಹೆಚ್ಚಿಗೆ ಹೋಯಿತು. ಪ್ರತಿ ವರ್ಷ ಹೀಗೇ. ಮಳೆಗಾಲದ ಕೊನೆಗೆ ಮನೆಯ ಕಣಜ ಖಾಲಿಯಾಗುವ ಹೊತ್ತಿನಲ್ಲಿ ಈ ಐವತ್ತು ಸೇರಿನ ಬೆಲೆ ಎಷ್ಟು ಅಂತ ಯೋಚಿಸಿ.

ಅಳತೆಯ ಜೊತೆಗೆ ಇನ್ನೆರಡು ಸಂಗತಿ ಇದ್ದವು. ಒಂದು, ಬಿಟ್ಟಿ ಚಾಕರಿ. ಇನ್ನೊಂದು, ಕೊಟ್ಟ ಗೇಣಿಗೆ ರಸೀದಿ ಸಿಗದಿರುವುದು. ಈ ರಸೀದಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ರಸೀದಿ ಇಲ್ಲದಿದ್ದರೆ ಗೇಣಿದಾರ ಇದ್ದೂ ಇಲ್ಲದಂತೆ. ಮೂರು ತಲೆಮಾರು ಉತ್ತರೂ ಈ ಗದ್ದೆ ನಾನು ಮಾಡುತ್ತಿದ್ದೇನೆ ಎಂದು ತೋರಿಸಲು ಕೈಯಲ್ಲಿ ಒಂದು ಚೀಟಿ ಇಲ್ಲ.

ಎಚ್. ಗಣಪತಿಯಪ್ಪ ಅವರು ಸಾಗರ ತಾಲ್ಲೂಕಿನಲ್ಲಿ ರೈತ ಸಂಘ ಕಟ್ಟಿ ಈ ಜನರನ್ನು ಒಟ್ಟು ಮಾಡಿದ್ದರು. ಇದನ್ನು ಬಿಟ್ಟು ಬರೆದರೆ ಟಿಪ್ಪಣಿ ತಪ್ಪಾಗುತ್ತದೆ. ಹೋರಾಟ ಗೋಪಾಲಗೌಡರಿಂದ ಹುಟ್ಟಲಿಲ್ಲ, ಅವರು ಅದರ ಜೊತೆಗೆ ಬಂದು ನಿಂತರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ರೈತರು ತಂಡ ತಂಡವಾಗಿ ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದುಕೊಂಡು ಹೋಗುವುದು, ಮತ್ತೊಂದು ತಂಡ ಇಳಿಯುವುದು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಗೋಪಾಲಗೌಡರೂ ಜೈಲಿಗೆ ಹೋದರು. ಜೂನ್‌ನಲ್ಲಿ ಸಮಾಜವಾದಿಗಳ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದರು, ಅವರನ್ನೂ ಬಂಧಿಸಿದರು. ಸಾಗರದ ಒಂದು ಹಳ್ಳಿಯ ಕೊಳಗದ ಜಗಳ ದೇಶಕ್ಕೆಲ್ಲ ಗೊತ್ತಾದದ್ದು ಹೀಗೆ.

ಗೆದ್ದ ವರ್ಷ, ಸೋತ ವರ್ಷ

ಸತ್ಯಾಗ್ರಹದ ಮರುವರ್ಷವೇ, 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಗೆದ್ದರು. ಆಗಿನ ಮೈಸೂರು ವಿಧಾನಸಭೆಯಲ್ಲಿ 99 ಸ್ಥಾನ. ಕಾಂಗ್ರೆಸ್ಸಿಗೆ 74. ಸಮಾಜವಾದಿ ಪಕ್ಷಕ್ಕೆ ಬರೀ 3. ಮೂರು ಜನ ಸೇರಿ ಯಾವ ವಿಧೇಯಕವನ್ನೂ ಪಾಸು ಮಾಡಿಸಲು ಆಗುವುದಿಲ್ಲ, ತಡೆಯಲೂ ಆಗುವುದಿಲ್ಲ. ಅಂಥವರಿಗೆ ಉಳಿಯುವುದು ಮಾತು ಮತ್ತು ಪ್ರಶ್ನೆ. ಸದನದಲ್ಲಿ ಒಂದು ಪ್ರಶ್ನೆ ಬಂತೆಂದರೆ ಸರ್ಕಾರ ಉತ್ತರ ಕೊಡಬೇಕು, ಆ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ. ರಸೀದಿ ಇಲ್ಲದ ಜನರ ಪ್ರತಿನಿಧಿಗೆ ದಾಖಲೆಯ ಬೆಲೆ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ?

1957ರಲ್ಲಿ ಅವರು ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಈಗ ಇದರ ಪಕ್ಕದಲ್ಲಿ ಭೂಸುಧಾರಣಾ ಕಾಯ್ದೆಯ ಇಸವಿ ಇಡಿ. ಮೈಸೂರು ಭೂಸುಧಾರಣಾ ಕಾಯ್ದೆಯನ್ನು 1961ರ ಕಾಯ್ದೆ ಎಂದೇ ಕರೆಯುತ್ತೇವೆ. ಅದಕ್ಕೆ ಅಂಕಿತ ಬಿದ್ದದ್ದು 1962ರ ಮಾರ್ಚ್‌ನಲ್ಲಿ. ಅಂದರೆ ಸದನದಲ್ಲಿ ಆ ಕಾಯ್ದೆ ರೂಪುಗೊಂಡ ಅವಧಿಯಲ್ಲಿ ಗೋಪಾಲಗೌಡರು ಶಾಸಕರಾಗಿರಲಿಲ್ಲ. ಕಾಯ್ದೆ ಜಾರಿಗೆ ಬಂದದ್ದು ಇನ್ನೂ ತಡ, 1965ರ ಅಕ್ಟೋಬರ್ 2ರಂದು.

ಈ ಕಾಯ್ದೆಯಲ್ಲಿ ಒಂದು ದೊಡ್ಡ ಕಿಂಡಿ ಇತ್ತು. ಸ್ವಂತ ಸಾಗುವಳಿಗೆ ಬೇಕು ಎಂದು ಹೇಳಿ ಒಡೆಯ ಗೇಣಿ ಜಮೀನಿನ ಒಂದು ಭಾಗವನ್ನು ವಾಪಸು ಪಡೆಯಬಹುದಿತ್ತು. ಕಾಯ್ದೆ ಬರುತ್ತದೆ ಎಂಬ ಸುದ್ದಿ ಮೊದಲೇ ಹರಡಿದರೆ ಏನಾಗುತ್ತದೆ ಎಂದು ನೀವೇ ಊಹಿಸಿ. ಗೇಣಿದಾರನನ್ನು ಬಿಡಿಸಲು ಒಡೆಯನಿಗೆ ಬೇಕಾದಷ್ಟು ಸಮಯ. ಗೇಣಿದಾರನ ಕೈಯಲ್ಲಿ ರಸೀದಿ ಇಲ್ಲ. ಅವನೇ ಒಪ್ಪಿ ಬಿಟ್ಟುಕೊಟ್ಟ ಎಂದು ಬರೆದರೆ ಕೇಳುವವರು ಯಾರು?

1974ರ ತಿದ್ದುಪಡಿ

ದೇವರಾಜ ಅರಸು ಅವರು ಮುಖ್ಯಮಂತ್ರಿಯಾದದ್ದು 1972ರ ಮಾರ್ಚ್‌ನಲ್ಲಿ. ಮೂರು ತಿಂಗಳೊಳಗೆ ಗೋಪಾಲಗೌಡರು ಹೋದರು. ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ, ಪರೀಕ್ಷೆಗೂ ಬೇಕು, ಊರಿನ ಜಮೀನಿನ ಕಾಗದ ಓದುವುದಕ್ಕೂ ಬೇಕು.

ಆ ದಿನದಿಂದ ಗೇಣಿ ಜಮೀನೆಲ್ಲ ಸರ್ಕಾರದ ವಶಕ್ಕೆ ಸೇರಿತು. ಒಡೆಯನಿಗೆ ವಾಪಸು ಪಡೆಯುವ ದಾರಿ ಮುಚ್ಚಿತು. ಉಳುತ್ತಿದ್ದವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಣೆ ಮಾಡುತ್ತದೆ. ಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕು. ಶುರುವಿನಲ್ಲಿ ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ನನಗೆ ಇದು ಇಡೀ ತಿದ್ದುಪಡಿಯ ಜೀವ ಎನಿಸುತ್ತದೆ. ವಕೀಲರಿಗೆ ದುಡ್ಡು ಕೊಡಲಾಗದವನೂ ಒಡೆಯನ ಎದುರು ನಿಂತು ತಾನೇ ಮಾತಾಡಬಹುದಿತ್ತು. ಅಕ್ಕಪಕ್ಕದ ಗದ್ದೆಯವರು ಬಂದು ಇವನೇ ಉಳುತ್ತಿದ್ದ ಎಂದು ಸಾಕ್ಷಿ ಹೇಳಬಹುದಿತ್ತು. ರಸೀದಿ ಇಲ್ಲದ ಕೊರತೆಯನ್ನು ತುಂಬಿದ್ದು ಈ ವ್ಯವಸ್ಥೆ.

ನಮ್ಮ ಮನೆಯಲ್ಲಿ ಅಜ್ಜಿ ಒಂದು ಗದ್ದೆಯನ್ನು ಈಗಲೂ 'ಡಿಕ್ಲರೇಶನ್ ಗದ್ದೆ' ಎನ್ನುತ್ತಾರೆ. ಚಿಕ್ಕವನಿದ್ದಾಗ ಅದು ಗದ್ದೆಯ ಹೆಸರು ಎಂದೇ ತಿಳಿದಿದ್ದೆ. ಅಜ್ಜ ಏಳನೇ ನಮೂನೆ ಹಾಕಿ ಪಡೆದ ಗದ್ದೆ ಅದು ಎಂದು ಗೊತ್ತಾದದ್ದು ಈ ಪಾಠ ಓದುವಾಗ. ಮಲೆನಾಡು, ಕರಾವಳಿಯ ಗೆಳೆಯರ ಮನೆಗಳಲ್ಲೂ ಈ ಮಾತು ಇರಬಹುದು, ಹಿರಿಯರನ್ನು ಕೇಳಿ ನೋಡಿ.

ಹಾಗಾದರೆ ಗೋಪಾಲಗೌಡರ ಪಾಲು ಯಾವುದು?

ಇಲ್ಲಿ ಎರಡು ತಪ್ಪು ಉತ್ತರಗಳಿವೆ. ಭೂಸುಧಾರಣೆ ತಂದವರು ಗೋಪಾಲಗೌಡರು ಎಂದು ಬರೆದರೆ ಅದು ಅರಸು ಅವರಿಗೂ ಆ ಸರ್ಕಾರಕ್ಕೂ ಅನ್ಯಾಯ. ಎಲ್ಲ ಅರಸು ಅವರಿಂದಲೇ ಎಂದು ಬರೆದರೆ ಕಾಗೋಡಿನ ಗದ್ದೆಗೆ ಇಳಿದವರಿಗೆ ಅನ್ಯಾಯ. ನನ್ನ ಉತ್ತರ ಇದು. 'ಉಳುವವನೇ ಹೊಲದೊಡೆಯ' ಎಂಬುದು 1951ರಲ್ಲಿ ಜೈಲಿಗೆ ಕಳಿಸುವ ಮಾತಾಗಿತ್ತು. 1974ರ ಹೊತ್ತಿಗೆ ಅದು ಕಾಯ್ದೆಯ ಮಾತಾಯಿತು. ನಡುವಿನ ಇಪ್ಪತ್ತಮೂರು ವರ್ಷ ಆ ಮಾತನ್ನು ಆರದಂತೆ ಕಾದವರಲ್ಲಿ ಗೋಪಾಲಗೌಡರು ಮುಖ್ಯರು. ಊರಿನಲ್ಲಿ ಹೇಳಿದ್ದನ್ನೇ ಅವರು ಸದನದಲ್ಲಿ ಹೇಳಿದರು. ಸೋತಾಗಲೂ ನಿಲುವು ಬದಲಿಸಲಿಲ್ಲ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕು ಎಂಬ ಒತ್ತಾಯದಲ್ಲೂ ಇದೇ ಕಥೆ. ಅವರು ಅದಕ್ಕಾಗಿ ಗಟ್ಟಿಯಾಗಿ ಮಾತಾಡಿದರು. ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅವರು ಹೋದ ಮರುವರ್ಷ.

ಇವತ್ತಿನ ಶಾಸಕರನ್ನು ನೋಡುವಾಗ

ಈಗ ವಿಧಾನಸಭೆಯಲ್ಲಿ 224 ಸದಸ್ಯರು. ಸದನದೊಳಗಿನ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ತುರ್ತು ವಿಷಯಕ್ಕೆ ಸದನದ ನಿಯಮ 60ರ ನಿಲುವಳಿ ಸೂಚನೆ (ಉಳಿದ ಕಲಾಪ ಬದಿಗಿಟ್ಟು ಚರ್ಚಿಸಿ ಎಂಬ ಕೋರಿಕೆ), ಅಥವಾ ನಿಯಮ 69ರ ಚರ್ಚೆ. ಮಂತ್ರಿ 'ಮಾಡುತ್ತೇವೆ' ಎಂದು ಹೇಳಿದ್ದನ್ನು ಹಿಂಬಾಲಿಸಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಇದರ ಬಗ್ಗೆ ನಾವು ಓದುವುದೇ ಕಡಿಮೆ.

ಕ್ಷೇತ್ರದಲ್ಲಿ ಶಾಸಕರ ಕೈಯಲ್ಲಿ ಏನಿದೆ? ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಎಲ್ಲರಿಗೂ ಗೊತ್ತು. ಆದರೆ ಭೂಮಿಯ ವಿಷಯದಲ್ಲಿ ಅದಕ್ಕಿಂತ ದೊಡ್ಡದು ಬಗರ್ ಹುಕುಂ ಸಮಿತಿ. ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉಳುತ್ತಾ ಬಂದವರು ಸಕ್ರಮಕ್ಕೆ ಹಾಕಿದ ಅರ್ಜಿಗಳು ಈ ಸಮಿತಿಯ ಮುಂದೆ ಬರುತ್ತವೆ. ನಮೂನೆ 50, 53, 57 ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳುತ್ತೀರಲ್ಲ, ಅವೇ. ಸಮಿತಿಗೆ ಸಾಮಾನ್ಯವಾಗಿ ಸ್ಥಳೀಯ ಶಾಸಕರೇ ಅಧ್ಯಕ್ಷರು. ಸಭೆ ಕರೆಯದಿದ್ದರೆ ಅರ್ಜಿ ಕದಲುವುದಿಲ್ಲ.

ಕಾಗೋಡಿನವರೇ ಆದ ಕಾಗೋಡು ತಿಮ್ಮಪ್ಪ ಅವರು 2013ರಲ್ಲಿ ವಿಧಾನಸಭಾಧ್ಯಕ್ಷರಾದರು, 2016ರಲ್ಲಿ ಕಂದಾಯ ಮಂತ್ರಿಯಾದರು. ಉಳುವವನಿಗೆ ಹಕ್ಕುಪತ್ರ ಎಂಬುದು ಅವರ ಬಾಯಲ್ಲೂ ನಿಲ್ಲದ ಮಾತಾಗಿತ್ತು. ಕೊಳಗದ ಊರಿನಿಂದ ಬಂದವರು ಕಂದಾಯ ಖಾತೆಯ ಕುರ್ಚಿಯಲ್ಲಿ ಕೂತದ್ದು ನನಗೆ ತುಂಬಾ ದೊಡ್ಡ ಸಂಗತಿ.

ಒಂದು ಅಭ್ಯಾಸ ಮಾಡಿ ನೋಡಿ. ನಿಮ್ಮ ಶಾಸಕರು ಊರಿನ ಸಭೆಯಲ್ಲಿ ಹೇಳಿದ ಒಂದು ಮಾತು ಬರೆದುಕೊಳ್ಳಿ. ಅದೇ ವಿಷಯಕ್ಕೆ ಸದನದಲ್ಲಿ ಪ್ರಶ್ನೆ ಕೇಳಿದ್ದಾರಾ ಎಂದು ಕಲಾಪದ ದಾಖಲೆಯಲ್ಲಿ ಹುಡುಕಿ. ಆಮೇಲೆ ತಾಲ್ಲೂಕು ಕಚೇರಿಗೆ ಹೋಗಿ, ಬಗರ್ ಹುಕುಂ ಸಮಿತಿಯ ಕೊನೆಯ ಸಭೆ ಯಾವ ತಾರೀಕು ನಡೆಯಿತು ಎಂದು ಕೇಳಿ.