ಪದ ಪರಿಚಯ: ರ‍್ಯಾಡಿಕಲೈಸೇಷನ್

ಲ್ಯಾಟಿನ್‌ನಲ್ಲಿ ರಾಡಿಕ್ಸ್ ಅಂದರೆ ಬೇರು. ಇಂಗ್ಲಿಷಿನವರು ಮೂಲಂಗಿಗೆ ಹೇಳುವ ರ‍್ಯಾಡಿಶ್ ಹುಟ್ಟಿದ್ದೂ ಅದರಿಂದಲೇ, ರ‍್ಯಾಡಿಕಲ್ ಕೂಡ. ಬುಡದಿಂದಲೇ ಬದಲಾಗಬೇಕು ಅನ್ನುವವನು ರ‍್ಯಾಡಿಕಲ್. ಅದೇನೂ ಬೈಗುಳವಲ್ಲ. ರ‍್ಯಾಡಿಕಲೈಸೇಷನ್ ಬೇರೆ. ಒಬ್ಬ ಮನುಷ್ಯ ಮೆಲ್ಲಗೆ ಒಂದು ವಿಪರೀತ ನಂಬಿಕೆಯ ಕಡೆ ಸರಿಯುತ್ತಾ, ಬೇರೆಯವರ ಮಾತೇ ಕಿವಿಗೆ ಬೀಳದಂತಾಗುವುದು. ಕೆಲವರು ಅಲ್ಲಿಂದ ಹಿಂಸೆಗೂ ಇಳಿಯುತ್ತಾರೆ, ಹೆಚ್ಚಿನವರು ಇಳಿಯುವುದಿಲ್ಲ. ಕನ್ನಡದಲ್ಲಿ ಕೆಲವರು ತೀವ್ರೀಕರಣ ಎಂದು ಬರೆಯುತ್ತಾರೆ. ಮೂಲಭೂತವಾದ ಅಂದರೆ ಸರಿಹೋಗದು. ಅದು ಒಂದು ನಿಲುವು, ಇದು ನಡೆದುಹೋಗುವ ದಾರಿ.

ಮೂಡಿಗೆರೆ ಕಡೆ ನಮ್ಮ ಚಿಕ್ಕಪ್ಪನ ತೋಟದ ಅರೇಬಿಕಾ ಕಾಫಿಗೆ ಬೋರರ್ ಹುಳು ಬಿತ್ತು. ಹುಳು ಕಾಂಡದೊಳಗೇ ಕೊರೆಯುತ್ತದೆ. ಎಲೆ ಹಳದಿಯಾಗುವ ಹೊತ್ತಿಗೆ ಗಿಡದ ಆಸೆ ಬಿಟ್ಟ ಹಾಗೆಯೇ. ಕಿತ್ತು ಸುಟ್ಟರು. ರಾತ್ರಿ ಊಟ ಮುಗಿಸಿ ಫೋನಿನಲ್ಲಿ ಬೋರರ್ ವಿಡಿಯೋ ನೋಡತೊಡಗಿದರು. ಮೊದಲು ಹುಳುವಿನದು. ಆಮೇಲೆ ಔಷಧಿ ಕಂಪನಿಗಳ ಮೋಸದ್ದು (ಅದರಲ್ಲಿ ಸ್ವಲ್ಪ ನಿಜವೂ ಇತ್ತು ಅನ್ನಿ). ಮಳೆಗಾಲ ಮುಗಿಯುವಷ್ಟರಲ್ಲಿ ಲಸಿಕೆಯಲ್ಲಿ ಚಿಪ್ ಇದೆ ಅನ್ನುವಲ್ಲಿಗೆ ಬಂದಿದ್ದರು. ವಾದಿಸಲು ಹೋದೆ. "ನಿಂಗೆ ಇದೆಲ್ಲ ಗೊತ್ತಾಗಲ್ಲ, ಬಿಡೋ ಮಾರಾಯ" ಅಂದರು.

ವಿಡಿಯೋ ತೋರಿಸುವ ಆ್ಯಪ್‌ಗೆ ಸುಳ್ಳು-ನಿಜದ ಗೊಡವೆ ಕಡಿಮೆ. ನೀವು ಯಾವುದನ್ನು ಒತ್ತಿದಿರಿ, ಎಷ್ಟು ಹೊತ್ತು ನೋಡಿದಿರಿ, ಮುಖ್ಯವಾಗಿ ಅದೇ ಲೆಕ್ಕ. ಸಿಟ್ಟು ಬಂದವನು ಜಾಸ್ತಿ ಹೊತ್ತು ನೋಡುತ್ತಾನೆ, ಅಲ್ವಾ? ಭೂಮಿ ಚಪ್ಪಟೆ ಅನ್ನುವಂಥ ವಿಡಿಯೋಗಳನ್ನು ಮುಂದೆ ತಂದಿಡುವುದನ್ನು ಕಡಿಮೆ ಮಾಡುತ್ತೇವೆ ಎಂದು 2019ರ ಜನವರಿಯಲ್ಲಿ ಯೂಟ್ಯೂಬೇ ಹೇಳಬೇಕಾಯಿತು.

ಹಾಗಂತ ಎಲ್ಲವನ್ನೂ ಆ್ಯಪ್ ತಲೆಗೆ ಕಟ್ಟಿದರೆ ಅನ್ಯಾಯ. ಸರ್ಜ್ ಮೊಸ್ಕೊವಿಸಿ, ಮರಿಸಾ ಝವಲ್ಲೋನಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ಯಾರಿಸ್‌ನ ವಿದ್ಯಾರ್ಥಿಗಳನ್ನು ಗುಂಪಾಗಿ ಕೂರಿಸಿ ಮಾತಾಡಿಸಿದ್ದರು. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಡಿಗಾಲ್ ಬಗ್ಗೆ ಮೊದಲೇ ಮೆಚ್ಚುಗೆಯಿದ್ದವರು ಚರ್ಚೆ ಮುಗಿಸಿ ಏಳುವಾಗ ಇನ್ನಷ್ಟು ಮೆಚ್ಚಿದ್ದರು. ಅಮೆರಿಕದವರನ್ನು ಕಂಡರಾಗದವರ ಅಸಹನೆ ಇನ್ನಷ್ಟು ಹೆಚ್ಚಿತ್ತು. ಇದು ಪ್ರಕಟವಾದದ್ದು 1969ರಲ್ಲಿ. ಆಗ ಫೋನು ಗೋಡೆಗೆ ಅಂಟಿಕೊಂಡಿತ್ತು.

ಚಿಕ್ಕಪ್ಪನನ್ನು ಹಿಡಿದಿಟ್ಟದ್ದೂ ವಿಡಿಯೋ ಅಲ್ಲ, ಅದರ ಜೊತೆ ಸಿಕ್ಕ ವಾಟ್ಸ್ಆ್ಯಪ್ ಗ್ರೂಪು. ಈ ವರ್ಷ ಮತ್ತೊಂದು ಸಾಲು ಗಿಡ ಕಿತ್ತ ದಿನ ಅವರು ಫೋಟೋ ಹಾಕಿದ್ದರು. "ಧೈರ್ಯವಾಗಿರಿ ಅಣ್ಣ" ಎಂದು ಸುಮಾರು ಜನ ಬರೆದಿದ್ದರು. ಒಬ್ಬರ ಮುಖವನ್ನೂ ಚಿಕ್ಕಪ್ಪ ನೋಡಿದವರಲ್ಲ. ಫೋಟೋ ನನಗೂ ಕಳಿಸಿದ್ದರು. ನಾನು ಸುಮ್ನೆ ನೋಡಿ ಬಿಟ್ಟಿದ್ದೆ.